ರಾಸಿಗೆ ಆಪರೇಶನ್: ಉಸಿರುಕೊಳವೆಯ ವಿಚಾರ ರೈತರಿಗೂ ತಿಳಿದಿರಲಿ

ಪಶುವೈದ್ಯರು ಪರೀಕ್ಷೆ ಮುಗಿಸಿ, "ಎಮ್ಮೆಗೆ ಆಪರೇಶನ್ ಆಗಬೇಕು" ಎಂದ ಕೂಡಲೇ ರೈತ ಕೇಳುವುದು ಎರಡು ಪ್ರಶ್ನೆ. ಖರ್ಚು ಎಷ್ಟು ಬರುತ್ತದೆ? ಎಮ್ಮೆ ಉಳಿಯುತ್ತದೆಯೇ? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಹಾಲು ಕರೆಯುವ ಒಂದು ಎಮ್ಮೆ ಹೋದರೆ ಮನೆಯ ವಾರದ ಸಂತೆಯೇ ನಿಂತುಹೋಗುವ ಕುಟುಂಬಗಳು ನಮ್ಮ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಎಷ್ಟೋ ಇವೆ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲ. ರಾಸನ್ನು ಮಲಗಿಸಿ ಪ್ರಜ್ಞೆ ತಪ್ಪಿಸಿದಾಗ ಅದು ಉಸಿರಾಡುವುದು ಹೇಗೆ?

ರೈತ ಬಾಂಧವರೇ, ಈ ವಾರ ಇದೇ ವಿಚಾರ ಬರೆಯುತ್ತಿದ್ದೇನೆ. ಇದು ಡಾಕ್ಟರ ಕೆಲಸ, ನಮಗೇಕೆ ಎಂದು ಪುಟ ತಿರುವಬೇಡಿ. ಕೊಳವೆ ಇಳಿಸುವುದು ಡಾಕ್ಟರ ಕೆಲಸವೇ ನಿಜ. ಆದರೆ ಆ ಕೊಳವೆ ತನ್ನ ಕೆಲಸ ಸರಿಯಾಗಿ ಮಾಡಬೇಕಾದರೆ ಹಿಂದಿನ ಎರಡು ದಿನ ನಿಮ್ಮ ಕೊಟ್ಟಿಗೆಯಲ್ಲಿ ಏನು ನಡೆಯಿತು ಎಂಬುದು ಬಹಳ ಮುಖ್ಯ.

ಮೊದಲು ಗೊಟ್ಟದ ಮಾತು

ದನ ಕಟ್ಟಿದ ಮನೆಯಲ್ಲಿ ಒಂದು ಗೊಟ್ಟ ಇದ್ದೇ ಇರುತ್ತದೆ. ಹಳೆಯವರ ಮನೆಯಲ್ಲಿ ಬಿದಿರಿನದು, ಈಗ ಹಲವರ ಮನೆಯಲ್ಲಿ ಅದರ ಬದಲು ಒಂದು ಬಾಟಲಿ. ಗೊಟ್ಟ ಹಾಕಿ ಅನುಭವ ಇರುವವರಿಗೆ ಗೊತ್ತು: ದನದ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು, ಅವಸರದಲ್ಲಿ ಸುರಿದರೆ ದನ ಕೆಮ್ಮುತ್ತದೆ. ಹಾಗೆ ಕೆಮ್ಮಿದ ಕೂಡಲೇ ತಿಳಿದವರು ತಲೆಯನ್ನು ಕೆಳಕ್ಕೆ ಬಿಡುತ್ತಾರೆ. ತಿಳಿಯದವರು ಸುರಿಯುತ್ತಲೇ ಇರುತ್ತಾರೆ. ಎರಡು ಮೂರು ದಿನಕ್ಕೆ ದನಕ್ಕೆ ಜ್ವರ ಬಂದು, ಉಬ್ಬಸ ಹತ್ತಿ, ಮೂಗಿನಿಂದ ಗಬ್ಬು ವಾಸನೆಯ ಸಿಂಬಳ ಸುರಿಯುತ್ತದೆ. ಔಷಧಿ ಸರಿಯಾದದ್ದೇ ಆಗಿದ್ದರೂ ಹೋಗಬಾರದ ದಾರಿಗೆ ಹೋಯಿತು.

ಗಂಟಲಿನಲ್ಲಿ ದಾರಿ ಎರಡು. ಮೇವು ನೀರು ಹೋಗುವ ಅನ್ನನಾಳ ಒಂದು, ಗಾಳಿ ಹೋಗುವ ಶ್ವಾಸನಾಳ ಇನ್ನೊಂದು. ಎರಡರ ಬಾಯಿಯೂ ಒಂದರ ಪಕ್ಕ ಒಂದು. ಎಚ್ಚರವಿರುವ ಪ್ರಾಣಿ ನುಂಗುವಾಗ ಶ್ವಾಸನಾಳದ ಬಾಯಿಗೆ ಮುಚ್ಚಳ ತಾನಾಗಿ ಬೀಳುತ್ತದೆ. ಅಷ್ಟಾಗಿಯೂ ಒಂದು ಹನಿ ತಪ್ಪಿ ಒಳಗೆ ಹೋದರೆ ಕೆಮ್ಮು ಬಂದು ಹೊರಗೆ ಹಾಕುತ್ತದೆ. ಪೂರ್ಣ ಅರಿವಳಿಕೆ ಕೊಟ್ಟಾಗ ಈ ಎರಡು ಕಾವಲೂ ಇರುವುದಿಲ್ಲ. ನುಂಗುವುದೂ ಇಲ್ಲ, ಕೆಮ್ಮುವುದೂ ಇಲ್ಲ. ಬಾಗಿಲು ತೆರೆದೇ ಇರುತ್ತದೆ.

ನಾಯಿಗಾಗಲಿ ಮನುಷ್ಯನಿಗಾಗಲಿ ಒಂದು ರಾತ್ರಿಯ ಉಪವಾಸಕ್ಕೆ ಹೊಟ್ಟೆ ಬಹುಮಟ್ಟಿಗೆ ಖಾಲಿಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಕಥೆ ಬೇರೆ. ಬೆಳೆದ ಆಕಳು ಅಥವಾ ಎಮ್ಮೆಯ ಮೊದಲ ಹೊಟ್ಟೆ ನೂರು ಲೀಟರಿಗೂ ಮೀರಿ ಹಿಡಿಸುವ ಹಗೇವು ಇದ್ದಂತೆ. ಅದರಲ್ಲಿ ಮೇವು, ನೀರು, ಹುಳಿಯುವ ರಸ, ಗಾಳಿ ಯಾವಾಗಲೂ ತುಂಬಿರುತ್ತವೆ. ಎರಡು ದಿನ ಉಪವಾಸ ಹಾಕಿದರೂ ಪೂರ್ತಿ ಬರಿದಾಗುವುದಿಲ್ಲ. ಮೇಲಾಗಿ ಜೊಲ್ಲು. ಒಣ ಮೇವು ತಿನ್ನುವ ದೊಡ್ಡ ಆಕಳು ದಿನಕ್ಕೆ ನೂರು ಲೀಟರಿನ ಆಸುಪಾಸು ಜೊಲ್ಲು ಸುರಿಸಿ ನುಂಗುತ್ತದೆ. ಅರಿವಳಿಕೆಯಲ್ಲೂ ಜೊಲ್ಲು ಬರುವುದು ನಿಲ್ಲುವುದಿಲ್ಲ, ನುಂಗುವುದು ಮಾತ್ರ ನಿಂತಿರುತ್ತದೆ. ರಾಸನ್ನು ಮಗ್ಗುಲಿಗೋ ಬೆನ್ನ ಮೇಲೋ ಮಲಗಿಸಿದಾಗ ಹೊಟ್ಟೆಯೊಳಗಿನ ರಸ ಅನ್ನನಾಳದ ಮೂಲಕ ಗಂಟಲಿಗೆ ಬಂದು ನಿಲ್ಲುತ್ತದೆ. ಪಕ್ಕದಲ್ಲೇ ತೆರೆದ ಬಾಗಿಲು. ಮೆಲುಕಿನ ರಸ ಪುಪ್ಪುಸಕ್ಕೆ ಇಳಿದರೆ ಹೊಲಿಗೆ ಎಷ್ಟೇ ಚೆನ್ನಾಗಿ ಬಿದ್ದಿರಲಿ, ರಾಸು ಉಳಿಯುವುದು ಕಷ್ಟ.

ಈ ಬಾಗಿಲಿಗೆ ಕಾವಲು ನಿಲ್ಲುವುದೇ ಉಸಿರುಕೊಳವೆ. ಬಾಯಿಯ ಮೂಲಕ ಇಳಿಸಿ ಶ್ವಾಸನಾಳದಲ್ಲಿ ಕೂರಿಸುತ್ತಾರೆ. ಕೊಳವೆಯ ಒಳತುದಿಯ ಹತ್ತಿರ ಸುತ್ತಲೂ ಒಂದು ತೆಳುವಾದ ಗಾಳಿಚೀಲ ಇರುತ್ತದೆ. ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆದಂತೆ ಅದಕ್ಕೆ ಹೊರಗಿನಿಂದ ಗಾಳಿ ತುಂಬಿದರೆ ಉಬ್ಬಿ, ಕೊಳವೆಗೂ ಶ್ವಾಸನಾಳದ ಗೋಡೆಗೂ ನಡುವಿನ ಸಂದು ಮುಚ್ಚುತ್ತದೆ. ಉಸಿರು ಕೊಳವೆಯೊಳಗೆ ಓಡಾಡುತ್ತದೆ; ರಸ, ಜೊಲ್ಲು ಹೊರಗೇ ಉಳಿಯುತ್ತವೆ.

ಎಲ್ಲ ಆಪರೇಶನ್‌ಗೂ ಕೊಳವೆ ಬೇಕಿಲ್ಲ

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ದನಗಳಿಗೆ ಆಗುವ ಆಪರೇಶನ್‌ಗಳಲ್ಲಿ ಬಹಳಷ್ಟು ನಿಂತಲ್ಲೇ ಆಗುತ್ತವೆ. ಎಡಬರಿಯ ಹತ್ತಿರ ಲಿಗ್ನೋಕೇನ್ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸಿ, ಎಚ್ಚರವಿರುವ ಆಕಳ ಹೊಟ್ಟೆ ತೆರೆದು ಪ್ಲಾಸ್ಟಿಕ್ಕು, ಹಗ್ಗ, ತಂತಿ ತೆಗೆಯುತ್ತಾರೆ. ಕೊಯ್ಯುವಾಗ ಆಕಳು ನಿಂತೇ ಇರುವುದನ್ನು ನೋಡಿ, "ಡಾಕ್ಟರು ಅರಿವಳಿಕೆಯನ್ನೇ ಕೊಡಲಿಲ್ಲ" ಎಂದು ದೂರುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ನಿಂತ ರಾಸಿಗೆ ನುಂಗುವ, ಕೆಮ್ಮುವ ಶಕ್ತಿ ಇರುತ್ತದೆ, ಕೊಳವೆಯ ಗೊಡವೆಯೇ ಬೇಡ. ನಿಂತು ಮಾಡಬಹುದಾದದ್ದನ್ನು ಮಲಗಿಸಿ ಮಾಡದಿರುವುದೇ ದನಕ್ಕೆ ಕ್ಷೇಮ ಎಂಬುದು ಬಲ್ಲವರ ಮಾತು, ಮತ್ತು ಅದು ಸರಿಯಾಗಿಯೇ ಇದೆ.

ಪ್ಲಾಸ್ಟಿಕ್ಕಿನ ಹಾವಳಿ ಎಷ್ಟೆಂದು ಹೊಸದಾಗಿ ಹೇಳಬೇಕಿಲ್ಲ. 2019ರ ಅಕ್ಟೋಬರಿನಲ್ಲಿ ಚೆನ್ನೈಯ ಪಶುವೈದ್ಯಕೀಯ ಕಾಲೇಜಿನವರು ಒಂದೇ ಹಸುವಿನ ಹೊಟ್ಟೆಯಿಂದ 52 ಕಿಲೋ ಪ್ಲಾಸ್ಟಿಕ್ ತೆಗೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಎರಡು ವರ್ಷದ ನಂತರ, 2021ರಲ್ಲಿ, ಶಿರಸಿ ತಾಲ್ಲೂಕಿನಲ್ಲಿ ದೀಪಾವಳಿಯ ಗೋಪೂಜೆಯ ಹೊತ್ತಿಗೆ ಹಾಕಿದ್ದ ಚಿನ್ನದ ಸರ ಕಾಣೆಯಾಗಿ, ಕೊನೆಗೆ ಆಪರೇಶನ್ ಮಾಡಿ ದನದ ಹೊಟ್ಟೆಯಿಂದ ತೆಗೆದ ಸುದ್ದಿಯೂ ಬಂದಿತ್ತು. ಪೂಜೆಗೆ ಹೂವಿನ ಹಾರವೇ ಸಾಕು. ಹಡಗಲಿ ಮಲ್ಲಿಗೆ ಬೆಳೆಯುವ ನಾವು ಚಿನ್ನ ಹಾಕುವ ಅಗತ್ಯವಂತೂ ಇಲ್ಲ.

ಹಾಗಾದರೆ ಕೊಳವೆ ಯಾವಾಗ ಬೇಕು? ಎಮ್ಮೆ ಕಟ್ಟಿದವರು ಗಮನವಿಟ್ಟು ಓದಬೇಕಾದ ಭಾಗ ಇದು. ಮೇವಿನ ಜೊತೆ ನುಂಗಿದ ತಂತಿ ಅಥವಾ ಮೊಳೆ ಜೇನುಹುಟ್ಟಿನಂಥ ಎರಡನೆಯ ಹೊಟ್ಟೆಗೆ ಹೋಗಿ ಕೂರುತ್ತದೆ. ಅದರ ಮುಂದೆಯೇ, ಎದೆಗೂ ಹೊಟ್ಟೆಗೂ ನಡುವೆ ಪರದೆಯಂಥ ಮಾಂಸದ ಪಟ್ಟಿ ಇದೆ. ಅದಕ್ಕೆ ವಪೆ ಎನ್ನುತ್ತಾರೆ. ತಂತಿ ಚುಚ್ಚಿ ಚುಚ್ಚಿ ವಪೆ ದುರ್ಬಲವಾದಾಗ ಅದು ಹರಿದು, ಎರಡನೆಯ ಹೊಟ್ಟೆಯ ಭಾಗವೇ ಎದೆಗೂಡಿನೊಳಕ್ಕೆ ಜಾರುತ್ತದೆ. ಈ ತೊಂದರೆ ಆಕಳಿಗಿಂತ ಎಮ್ಮೆಯಲ್ಲಿ ಹೆಚ್ಚು. ಎಮ್ಮೆ ಮೇವು ಬಿಡುತ್ತದೆ, ಹೊಟ್ಟೆ ಉಬ್ಬುತ್ತದೆ, ಔಷಧಿಗೆ ಇಳಿದು ಮತ್ತೆ ಉಬ್ಬುತ್ತದೆ, ಸಗಣಿ ಸ್ವಲ್ಪ ಸ್ವಲ್ಪವೇ ಅಂಟಂಟಾಗಿ ಬೀಳುತ್ತದೆ, ದಿನದಿನಕ್ಕೆ ಸೊರಗುತ್ತದೆ. "ಯಾರದೋ ಕಣ್ಣು ಬಿದ್ದೈತಿ" ಎಂದು ತಿಂಗಳು ಕಳೆಯುವವರೂ ಇದ್ದಾರೆ.

ಇದಕ್ಕೆ ಆಪರೇಶನ್ ಎರಡು ಹಂತದಲ್ಲಿ ಆಗುವುದು ರೂಢಿ. ಮೊದಲು ನಿಂತಲ್ಲೇ ಮೊದಲ ಹೊಟ್ಟೆ ತೆರೆದು ಬರಿದು ಮಾಡಿ ತಂತಿ ತೆಗೆಯುತ್ತಾರೆ. ಒಂದೆರಡು ದಿನ ಬಿಟ್ಟು ಎಮ್ಮೆಯನ್ನು ಬೆನ್ನ ಮೇಲೆ ಮಲಗಿಸಿ, ಪೂರ್ಣ ಅರಿವಳಿಕೆಯಲ್ಲಿ ಹರಿದ ವಪೆಯನ್ನು ಹೊಲಿಯುತ್ತಾರೆ. ವಪೆ ತೆರೆದಿದೆ ಎಂದರೆ ಎದೆಗೂಡಿಗೆ ಹೊರಗಾಳಿ ನುಗ್ಗುತ್ತದೆ, ಪುಪ್ಪುಸ ಕುಗ್ಗುತ್ತದೆ, ಎಮ್ಮೆ ತಾನಾಗಿ ಉಸಿರೆಳೆದುಕೊಳ್ಳಲಾರದು. ಕೊಳವೆಯ ಮೂಲಕ ಯಂತ್ರದಿಂದಲೋ ಕೈಚೀಲ ಅದುಮಿಯೋ ಪ್ರತಿ ಉಸಿರನ್ನೂ ಒಳಕ್ಕೆ ತಳ್ಳಬೇಕು. ಆ ಹೊತ್ತಿನಲ್ಲಿ ಕೊಳವೆ ಸೋರಿದರೆ ತಳ್ಳಿದ ಗಾಳಿ ಪುಪ್ಪುಸ ಮುಟ್ಟುವ ಬದಲು ಬಾಯಿಯಿಂದ ಹೊರಗೆ ಬರುತ್ತದೆ. ಹೀಗಾಗಿ ಸರಿಯಾದ ಕೊಳವೆ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ತರವಲ್ಲ.

ತಾಲ್ಲೂಕಿನ ಎಲ್ಲ ಪಶು ಆಸ್ಪತ್ರೆಗಳಲ್ಲಿ ದೊಡ್ಡ ರಾಸಿಗೆ ಇಷ್ಟೆಲ್ಲ ಸೌಕರ್ಯ ಇರುವುದಿಲ್ಲ. ಇದರಲ್ಲಿ ಡಾಕ್ಟರ ತಪ್ಪೇನೂ ಇಲ್ಲ. ಇಂಥ ಕೇಸನ್ನು ಅವರು ಪಶುವೈದ್ಯಕೀಯ ಕಾಲೇಜಿಗೆ ಕಳಿಸುತ್ತಾರೆ. 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಒಂದು ಕಾಲೇಜು ಇತ್ತು, 1985ರಲ್ಲಿ ಬೀದರಿನಲ್ಲಿ ಇನ್ನೊಂದು ಬಂತು. ಈಗ ಶಿವಮೊಗ್ಗ, ಹಾಸನ, ಗದಗಗಳಲ್ಲೂ ಇವೆ. ಮಾಗಳದವರಿಗೆ ಹೊಳೆ ದಾಟಿದರೆ ಮುಂಡರಗಿ, ಅಲ್ಲಿಂದ ಮುಂದೆ ಗದಗ. ಕಳಿಸುವ ಮುನ್ನ ಅಲ್ಲಿ ಆ ದಿನ ದೊಡ್ಡ ರಾಸಿನ ಆಪರೇಶನ್ ಆಗುತ್ತದೆಯೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳಲು ನಿಮ್ಮ ಡಾಕ್ಟರನ್ನೇ ಕೇಳಿಕೊಳ್ಳಿ. ಸೊರಗಿದ ಎಮ್ಮೆಯನ್ನು ಗಾಡಿಯಲ್ಲಿ ಅಲ್ಲಿಗೂ ಇಲ್ಲಿಗೂ ಅಲೆಸುವಂತಾಗಬಾರದು.

ಕೊಳವೆ ಆರಿಸುವುದು ಹೇಗೆ?

ಈಗ ಕೊಳವೆಗೆ ಬರೋಣ. ಕೊಳವೆಗೆ ಅಳತೆ ಹೇಳುವುದು ಅದರ ಒಳಗಿನ ಬಾಯಿಯ ಅಗಲದಿಂದ, ಮಿಲಿಮೀಟರಿನಲ್ಲಿ. ಬೆಳೆದ ಆಕಳು, ಎತ್ತು, ಎಮ್ಮೆಗೆ 22ರಿಂದ 30 ಮಿ.ಮೀ. ವರೆಗಿನದು ಹಿಡಿಸುತ್ತದೆ. ನೂರೈವತ್ತು ಕಿಲೋ ತೂಗುವ ಮಣಕಕ್ಕೆ 14ರಿಂದ 18. ಎಳಗರುವಿಗೆ 10ರ ಆಚೀಚೆ. ನಮ್ಮ ಬಳ್ಳಾರಿ ಕುರಿ, ಆಡುಗಳಿಗೆ ಬೆಳೆದ ಮೇಲೆ 7ರಿಂದ 10. ಕುರಿ ಕಾಯುವ ನಾಯಿ ಇಪ್ಪತ್ತು ಕಿಲೋ ಇದ್ದರೆ 9 ಅಥವಾ 10. ಬೆಕ್ಕಿಗೆ 4ರ ಸುತ್ತಮುತ್ತ. ಕುರಿಗೆ ಬಳಸುವ ಕೊಳವೆ ಎಂದರೆ ಬಹುಮಟ್ಟಿಗೆ ಮನುಷ್ಯರ ಆಸ್ಪತ್ರೆಯಲ್ಲಿ ಬಳಸುವ ಕೊಳವೆಯೇ. ಎಮ್ಮೆಯ ಕೊಳವೆಯನ್ನು ಮಾತ್ರ ಬೇರೆಯಾಗಿ ತರಿಸಬೇಕು. ಅದರ ಗಾತ್ರ ನಮ್ಮ ಹೆಬ್ಬೆರಳಿಗಿಂತ ದಪ್ಪ.

ಶ್ವಾಸನಾಳಕ್ಕೆ ಒತ್ತಾಯವಿಲ್ಲದೆ ಇಳಿಯುವ ಅತಿ ದೊಡ್ಡ ಕೊಳವೆಯನ್ನೇ ಆರಿಸಬೇಕು ಎಂಬುದು ನಿಯಮ. ಇದರ ಕಾರಣ ಹೊಳೆಗೆ ಪಂಪು ಕೂರಿಸಿದ ಮಾಗಳದ ರೈತರಿಗೆ ಬೇಗ ಹೊಳೆಯುತ್ತದೆ. ಮೂರಿಂಚಿನ ಪೈಪು ಹಾಕಬೇಕಾದಲ್ಲಿ ಒಂದೂವರೆ ಇಂಚಿನದು ಹಾಕಿದರೆ ನೀರು ಅರ್ಧವಾಗುವುದಿಲ್ಲ, ಅರ್ಧಕ್ಕಿಂತ ಎಷ್ಟೋ ಕಡಿಮೆಯಾಗುತ್ತದೆ, ಮೋಟರು ಒದ್ದಾಡುತ್ತದೆ. ಗಾಳಿಗೂ ಇದೇ ನ್ಯಾಯ. ಸಾವಕಾಶವಾಗಿ ಹರಿಯುವ ಗಾಳಿಗೆ ಕೊಳವೆಯ ಬಾಯಿ ಅರ್ಧವಾದರೆ ತಡೆ ಹದಿನಾರು ಪಟ್ಟು ಹೆಚ್ಚುತ್ತದೆ. 24 ಮಿ.ಮೀ. ಕೊಳವೆ ಬೇಕಾದ ಎಮ್ಮೆಗೆ 12 ಮಿ.ಮೀ. ಹಾಕಿದರೆ, ಅರಿವಳಿಕೆಯಿಂದ ಮೊದಲೇ ಬಲ ಕುಂದಿದ ಎಮ್ಮೆ ಪ್ರತಿ ಉಸಿರಿಗೂ ಹೆಣಗಬೇಕಾಗುತ್ತದೆ. ಸಣ್ಣ ಕೊಳವೆಯಲ್ಲಿ ಲೋಳೆ ಕಟ್ಟಿಕೊಳ್ಳುವುದೂ ಬೇಗ. ಸಂದು ಮುಚ್ಚಲು ಗಾಳಿಚೀಲವನ್ನು ವಿಪರೀತ ಉಬ್ಬಿಸಬೇಕಾಗುವುದು ಇನ್ನೊಂದು ಕೇಡು.

ಹಾಗೆಂದು ದೊಡ್ಡದನ್ನು ತುರುಕುವುದೂ ಸಲ್ಲದು. ಶ್ವಾಸನಾಳದ ಬಾಯಿ ಉಜ್ಜಿ ಬಾವು ಬಂದರೆ ಕೊಳವೆ ತೆಗೆದ ಮೇಲೆ ಉಸಿರುಗಟ್ಟುತ್ತದೆ. ತೂಕದ ಲೆಕ್ಕ ಒಂದು ಅಂದಾಜು ಮಾತ್ರ. ಡಾಕ್ಟರು ಕುತ್ತಿಗೆಯ ಕೆಳಭಾಗವನ್ನು ಮುಟ್ಟಿ ಶ್ವಾಸನಾಳದ ದಪ್ಪ ನೋಡಿಕೊಂಡು, ಅಂದಾಜಿನ ಒಂದು ಕೊಳವೆ, ಅದಕ್ಕಿಂತ ದೊಡ್ಡದು ಒಂದು, ಸಣ್ಣದು ಒಂದು, ಹೀಗೆ ಮೂರನ್ನು ಮುಂದಿಟ್ಟುಕೊಂಡು ಆರಂಭಿಸುತ್ತಾರೆ. ಪಟ್ಟಣದಲ್ಲಿ ಸಾಕುವ ಚಪ್ಪಟೆ ಮೂತಿಯ ಪಗ್ ಜಾತಿಯ ನಾಯಿಗಳಲ್ಲಿ ತೂಕದ ಲೆಕ್ಕ ಪೂರ್ತಿ ಕೈಕೊಡುತ್ತದೆ. ಅವುಗಳ ಶ್ವಾಸನಾಳ ಮೈಗೆ ಹೋಲಿಸಿದರೆ ಬಹಳ ಕಿರಿದು.

ಅಗಲದಷ್ಟೇ ಉದ್ದವೂ ಮುಖ್ಯ. ಕೊಳವೆಯನ್ನು ಪ್ರಾಣಿಯ ಪಕ್ಕ ಹಿಡಿದು, ಮೂಗಿನ ತುದಿಯಿಂದ ಹೆಗಲಿನ ಮುಂಭಾಗದವರೆಗೆ ಅಳೆಯುತ್ತಾರೆ. ಅದಕ್ಕಿಂತ ಒಳಗೆ ಹೋಗಬಾರದು. ಶ್ವಾಸನಾಳ ಎದೆಯೊಳಗೆ ಎರಡಾಗಿ ಕವಲೊಡೆಯುತ್ತದೆ. ಉದ್ದವಾದ ಕೊಳವೆ ಒಂದು ಕವಲಿಗೆ ನುಗ್ಗಿದರೆ ಒಂದೇ ಕಡೆಯ ಪುಪ್ಪುಸಕ್ಕೆ ಗಾಳಿ, ಇನ್ನೊಂದು ಕಡೆ ಉಪವಾಸ. ದನ, ಕುರಿ, ಆಡು, ಹಂದಿಗಳಲ್ಲಿ ಇನ್ನೂ ಒಂದು ವಿಶೇಷ ಇದೆ. ಕವಲೊಡೆಯುವುದಕ್ಕೂ ಮೊದಲೇ ಬಲಗಡೆಯ ಪುಪ್ಪುಸದ ಮುಂದಿನ ಹಾಳೆಗೆ ಒಂದು ಪುಟ್ಟ ಕಾಲುವೆ ಶ್ವಾಸನಾಳದಿಂದಲೇ ಹೊರಡುತ್ತದೆ. ಮುಖ್ಯ ಕಾಲುವೆಯಲ್ಲಿ ಮೇಲ್ಗಡೆಯೇ ಒಂದು ತೂಬು ಇದ್ದ ಹಾಗೆ. ಕೊಳವೆ ಅತಿ ಉದ್ದವಾದರೆ ಈ ತೂಬು ಮುಚ್ಚಿಹೋಗುತ್ತದೆ. ಮನುಷ್ಯರಿಗೂ ನಾಯಿಗೂ ಸಾಮಾನ್ಯವಾಗಿ ಈ ತೂಬು ಇಲ್ಲ. ನಾಯಿಯಲ್ಲಿ ಸರಿಹೋದ ಅಂದಾಜು ಕುರಿಯಲ್ಲಿ ತಪ್ಪುವುದು ಇದರಿಂದಲೇ.

ಗಾಳಿಚೀಲದ ಪರೀಕ್ಷೆ ಆಪರೇಶನ್‌ಗೆ ಮುಂಚೆಯೇ ಆಗಬೇಕು. ಗಾಳಿ ತುಂಬಿ ಹತ್ತು ಹದಿನೈದು ನಿಮಿಷ ಹಾಗೇ ಇಟ್ಟರೆ ಸೋರಿಕೆ ತಿಳಿಯುತ್ತದೆ. ಅನುಮಾನವಿದ್ದರೆ ಪಂಕ್ಚರ್ ನೋಡುವಂತೆ ನೀರಿನಲ್ಲಿ ಅದ್ದಿ ನೋಡಬಹುದು. ಚೀಲ ಇಲ್ಲದ ಕೊಳವೆಗಳೂ ಇವೆ. ತೀರ ಪುಟ್ಟ ಪ್ರಾಣಿಗಳಿಗೆ, ಹಕ್ಕಿಗಳಿಗೆ ಅವು ಸರಿ. ಮೆಲುಕು ಹಾಕುವ ಪ್ರಾಣಿಗೆ ಚೀಲವಿಲ್ಲದ ಕೊಳವೆ ಎಂದರೆ ತಡಿಕೆ ಇಲ್ಲದ ಹೊಲದಂತೆ. ಚೀಲವನ್ನು ಎಷ್ಟು ಉಬ್ಬಿಸಬೇಕು ಎಂಬುದಕ್ಕೂ ಲೆಕ್ಕವಿದೆ: 20ರಿಂದ 30 ಸೆಂಟಿಮೀಟರ್ ಎತ್ತರದ ನೀರಿನಷ್ಟು ಒತ್ತಡ. ನಮ್ಮ ಲೆಕ್ಕದಲ್ಲಿ ಒಂದು ಗೇಣು, ಹೆಚ್ಚೆಂದರೆ ಅದಕ್ಕೆ ಮೂರು ಬೆರಳು ಮೇಲೆ. ಕಡಿಮೆಯಾದರೆ ರಸ ಸೋರುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಪೊರೆಗೆ ರಕ್ತ ಓಡಾಡದೆ ಹುಣ್ಣಾಗುತ್ತದೆ.

ಕೊಳವೆ ಮಾಡುವ ವಸ್ತುವಿನಲ್ಲಿ ಮೂರು ಬಗೆ. ಕೆಂಪು ರಬ್ಬರಿನದು ಹಳೆಯ ಕಾಲದ್ದು. ಗಟ್ಟಿ ನಿಜ, ಆದರೆ ಒಳಗೆ ಲೋಳೆ ಕಟ್ಟಿದ್ದು ಕಾಣುವುದಿಲ್ಲ, ಹಳತಾದಂತೆ ಬಿರುಕು ಬಿಡುತ್ತದೆ, ಕತ್ತು ಮಣಿಸಿದಾಗ ಮಡಿಚಿಕೊಳ್ಳುತ್ತದೆ. ಪಿವಿಸಿಯದು ಪಾರದರ್ಶಕ, ಉಸಿರು ಬಂದಾಗ ಒಳಗೆ ಮಂಜು ಕಟ್ಟುವುದು, ಹೋದಾಗ ಆರುವುದು ಕಣ್ಣಿಗೆ ಕಾಣುತ್ತದೆ. ಮೈಯ ಬಿಸಿಗೆ ಮೆತ್ತಗಾಗಿ ಒಳಗೆ ಹೊಂದಿಕೊಳ್ಳುತ್ತದೆ. ಸಿಲಿಕೋನ್ ಎಲ್ಲಕ್ಕಿಂತ ಮೃದು, ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಿ ಮತ್ತೆ ಮತ್ತೆ ಬಳಸಬಹುದು, ಬೆಲೆ ಹೆಚ್ಚು. ನನ್ನನ್ನು ಕೇಳಿದರೆ ಕುರಿ ಆಡಿಗೆ ಪಿವಿಸಿ, ಎಮ್ಮೆಗೆ ಸಿಲಿಕೋನ್ ಎನ್ನುತ್ತೇನೆ. ಆದರೆ ಬಿರುಕಿಲ್ಲದ, ಚೀಲ ಸೋರದ, ಶುದ್ಧವಾಗಿ ತೊಳೆದ ಹಳೆಯ ರಬ್ಬರ್ ಕೊಳವೆ, ಚೀಲ ಸೋರುವ ಹೊಸ ಕೊಳವೆಗಿಂತ ಎಷ್ಟೋ ಮೇಲು. ಒಂದು ರಾಸಿನ ಬಾಯಿಂದ ತೆಗೆದದ್ದನ್ನು ಒಳಗೂ ಹೊರಗೂ ಬ್ರಷ್ಷಿನಿಂದ ಉಜ್ಜಿ, ಕ್ರಿಮಿನಾಶಕದಲ್ಲಿಟ್ಟು, ತೊಳೆದು ಒಣಗಿಸದೆ ಇನ್ನೊಂದಕ್ಕೆ ಹಾಕುವಂತಿಲ್ಲ.

ಕೆಲವು ಕೊಳವೆಗಳ ತುದಿಯ ಪಕ್ಕದಲ್ಲಿ ಒಂದು ಕಣ್ಣು ಇರುತ್ತದೆ. ತುದಿ ಗೋಡೆಗೆ ಒತ್ತಿಕೊಂಡರೂ, ಲೋಳೆ ಮೆತ್ತಿದರೂ ಆ ಕಣ್ಣಿನಿಂದ ಗಾಳಿ ಹೋಗುತ್ತದೆ. ಮರ್ಫಿ ಎಂಬ ವೈದ್ಯ 1941ರಲ್ಲಿ ಇದನ್ನು ಬರೆದು ತಿಳಿಸಿದ, ಅವನ ಹೆಸರೇ ಆ ಕಣ್ಣಿಗೆ ಉಳಿದಿದೆ.

ಕೊಳವೆಯ ಚರಿತ್ರೆಯೂ ಸ್ವಾರಸ್ಯವಾಗಿದೆ. 1543ರಲ್ಲಿಯೇ ವೆಸೇಲಿಯಸ್ ಎಂಬ ವೈದ್ಯ ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ಕೊಳವೆ ತೂರಿಸಿ ಊದಿ, ಪುಪ್ಪುಸ ಏಳುವುದನ್ನೂ ನಿಲ್ಲಲಿದ್ದ ಗುಂಡಿಗೆ ಬಲಗೊಳ್ಳುವುದನ್ನೂ ತನ್ನ ಪುಸ್ತಕದಲ್ಲಿ ಬರೆದಿಟ್ಟ. ನಮ್ಮ ಗೊಟ್ಟದ ದಾಯಾದಿ ಎನ್ನಬೇಕು! ಗಾಳಿಚೀಲ ಬಂದದ್ದು ಬಹಳ ತಡವಾಗಿ. 1920ರ ದಶಕದಲ್ಲಿ ಅಮೆರಿಕದ ಗ್ವೆಡೆಲ್ ಎಂಬ ಅರಿವಳಿಕೆ ತಜ್ಞ ಚೀಲವಿರುವ ಕೊಳವೆಯನ್ನು ತಯಾರಿಸಿದಾಗ, ಸಂದು ನಿಜವಾಗಿ ಮುಚ್ಚುತ್ತದೆ ಎಂದು ಸಹವೈದ್ಯರನ್ನು ನಂಬಿಸಬೇಕಾಗಿತ್ತು. ತನ್ನ ಸಾಕುನಾಯಿಗೆ ಅರಿವಳಿಕೆ ಕೊಟ್ಟು, ಕೊಳವೆ ಹಾಕಿ, ಚೀಲ ಉಬ್ಬಿಸಿ, ಎಲ್ಲರೆದುರಿಗೆ ಗಾಜಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟ. ಒಂದು ಹನಿಯೂ ಪುಪ್ಪುಸಕ್ಕೆ ಹೋಗಲಿಲ್ಲ. ಎಚ್ಚರವಾದ ನಾಯಿ ಮೈಕೊಡವಿ ಎದ್ದಿತು. ಆ ನಾಯಿಯ ಹೆಸರು ಏರ್‌ವೇ, ಅಂದರೆ ಗಾಳಿಯ ದಾರಿ. ಮಾಗಳದ ಹೊಳೆಯಲ್ಲಿ ಯಾರೂ ಈ ಪ್ರಯೋಗ ಮಾಡಲು ಹೋಗಬೇಡಿ.

ಇಳಿಸುವ ಕೆಲಸವನ್ನು ನೀವು ನೋಡಿದರೆ ಗಾಬರಿಯಾಗಬಹುದು. ಬೆಳೆದ ಎಮ್ಮೆಗೆ ಕಬ್ಬಿಣದ ಬಾಯಾಡೆ ಇಟ್ಟು, ಡಾಕ್ಟರು ಮೊಳಕೈವರೆಗೆ ಬಾಯೊಳಗೆ ಕೈಹಾಕಿ, ಬೆರಳಿನಿಂದಲೇ ಶ್ವಾಸನಾಳದ ಮುಚ್ಚಳ ಹುಡುಕಿ, ಇನ್ನೊಂದು ಕೈಯಿಂದ ಕೊಳವೆಯನ್ನು ದಾರಿ ತೋರಿಸಿ ಇಳಿಸುತ್ತಾರೆ. ಕುರಿಯ ಬಾಯಿ ಕಿರಿದು, ಕೈ ಹೋಗದು. ಅಲ್ಲಿ ಉದ್ದನೆಯ ಅಲಗಿಗೆ ದೀಪ ಇರುವ ಉಪಕರಣದಿಂದ ನೋಡಿ ಇಳಿಸಬೇಕು. ಕೊಳವೆ ಅನ್ನನಾಳಕ್ಕೆ ಹೋಗಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅದನ್ನು ದವಡೆಗೆ ಕಟ್ಟುತ್ತಾರೆ. ತಲೆಯನ್ನು ಗಂಟಲು ಎತ್ತರವಾಗಿ, ಮೂತಿ ಇಳಿಜಾರಾಗಿ ಇಡುತ್ತಾರೆ, ಜೊಲ್ಲು ಹೊರಕ್ಕೆ ಹರಿಯಲೆಂದು. ಕೆಲವೊಮ್ಮೆ ಹೊಟ್ಟೆಯ ಗಾಳಿ ಬಿಡಿಸಲು ಅನ್ನನಾಳಕ್ಕೂ ಇನ್ನೊಂದು ಕೊಳವೆ ಹಾಕುವುದುಂಟು. ಬಾಯಿಯಿಂದ ಎರಡು ಕೊಳವೆ ಹೊರಬಂದಿದ್ದರೆ ಏನೋ ಎಡವಟ್ಟಾಯಿತೆಂದು ತಿಳಿಯಬೇಡಿ.

ರೈತನ ಪಾಲಿನ ಕೆಲಸ

ಇಷ್ಟೆಲ್ಲ ಡಾಕ್ಟರ ಪಾಲಿನದು. ನಿಮ್ಮ ಪಾಲಿನದು ಉಪವಾಸದಿಂದ ಶುರು. ಬೆಳೆದ ದನ, ಎಮ್ಮೆಗೆ ಮಲಗಿಸಿ ಮಾಡುವ ಆಪರೇಶನ್ ಇದ್ದರೆ 24ರಿಂದ 48 ಗಂಟೆ ಮೇವು ನಿಲ್ಲಿಸಲು, 12ರಿಂದ 24 ಗಂಟೆ ನೀರು ನಿಲ್ಲಿಸಲು ಹೇಳುವುದು ರೂಢಿ. ಬೆಳೆದ ಕುರಿ ಆಡಿಗೆ ಮೇವು 12ರಿಂದ 24 ಗಂಟೆ, ನೀರು 8ರಿಂದ 12. ನಿಮ್ಮ ರಾಸಿಗೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು, ನೀವಾಗಿ ತೀರ್ಮಾನಿಸಬೇಡಿ. ಹಾಲು ಕುಡಿಯುವ ಎಳಗರು, ಕುರಿಮರಿಗಳನ್ನು ಹೀಗೆ ಉಪವಾಸ ಕೆಡವಿದರೆ ನಿತ್ರಾಣವಾಗುತ್ತವೆ; ಅವಕ್ಕೆ ಕೆಲವೇ ಗಂಟೆ ಸಾಕು. ಅವಳಿ ಮರಿ ಹೊತ್ತು ದಿನ ತುಂಬಿದ ಕುರಿಗೂ ಉಪವಾಸ ಅಪಾಯವೇ.

ಉಪವಾಸ ಕೆಡುವುದು ಬೇರೆ ಎಲ್ಲೂ ಅಲ್ಲ, ಮನೆಯಲ್ಲೇ. "ಪಾಪ, ನಾಳೆ ಹೊಟ್ಟಿ ಕೊಯ್ತಾರ, ಇವತ್ತಾದ್ರೂ ಹೊಟ್ಟಿತುಂಬ ತಿನ್ಲಿ" ಎಂದು ಮನೆಯ ಹಿರಿಯಮ್ಮನವರು ಒಂದು ಬಕೆಟ್ ಮುಸುರೆ ಇಡುತ್ತಾರೆ. ಕರುಳಿನ ಮಾತು ಅದು, ತಪ್ಪೆನ್ನಲು ಬಾಯಿ ಬರುವುದಿಲ್ಲ. ಆದರೆ ಆ ಮುಸುರೆಯೇ ಮರುದಿನ ಗಂಟಲಿಗೆ ಬರುವುದು. ಗೋದಲಿಯಲ್ಲಿ ಉಳಿದ ಜೋಳದ ಸೊಪ್ಪೆ, ಶೇಂಗಾ ಹೊಟ್ಟು ಗುಡಿಸಿ ತೆಗೆಯಿರಿ. ಕೆಳಗೆ ಹಾಸಿದ ಹುಲ್ಲನ್ನೂ ತಿನ್ನುತ್ತದೆ, ಅದನ್ನೂ ತೆಗೆಯಿರಿ. ಬಾಯಿಗೆ ಕುಕ್ಕೆ ಕಟ್ಟುವುದು ಉತ್ತಮ. ಮನೆಯವರಿಗೆಲ್ಲ, ಮಕ್ಕಳಿಗೂ ಹೇಳಿಡಿ.

ಅಷ್ಟಾಗಿಯೂ ಏನಾದರೂ ತಿಂದಿದ್ದರೆ ಮುಚ್ಚಿಡಬೇಡಿ. ಇಷ್ಟು ದೂರ ಗಾಡಿ ಮಾಡಿಕೊಂಡು ಬಂದಿದ್ದೇವೆ, ವಾಪಸು ಕಳಿಸಿಯಾರು ಎಂಬ ಭಯದಿಂದ "ನಿನ್ನೆಯಿಂದ ಏನೂ ಕೊಟ್ಟಿಲ್ಲ ಸಾರ್" ಎನ್ನುವವರಿದ್ದಾರೆ. ಡಾಕ್ಟರು ಆ ಮಾತು ನಂಬಿಯೇ ಮುಂದುವರಿಯುತ್ತಾರೆ. ಗಾಡಿ ಬಾಡಿಗೆ ಉಳಿಸಲು ಹೋಗಿ ಎಮ್ಮೆಯನ್ನು ಪಣಕ್ಕಿಟ್ಟಂತೆ. ಕೊಂಬು ಮುರಿದೋ, ಕರು ಅಡ್ಡ ಸಿಕ್ಕೋ ತುರ್ತಾಗಿ ಒಯ್ದಾಗ ಉಪವಾಸಕ್ಕೆ ವೇಳೆ ಇರುವುದಿಲ್ಲ. ಆಗಲೂ ಕೊನೆಯ ಮೇವು, ಕೊನೆಯ ನೀರು ಎಷ್ಟು ಗಂಟೆಗೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಮನೆಯಲ್ಲಿ ಮೊದಲೇ ಗೊಟ್ಟ ಹಾಕಿದ್ದರೆ, ರಾಸು ಕೆಮ್ಮುತ್ತಿದ್ದರೆ ಅದನ್ನೂ ಹೇಳಿ.

ಎರಡನೆಯದು ತೂಕ. ಅರಿವಳಿಕೆಯ ಪ್ರಮಾಣಕ್ಕೂ ಕೊಳವೆಯ ಅಂದಾಜಿಗೂ ತೂಕ ಬೇಕು. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಹೆಗಲಿನ ಮುಂತುದಿಯಿಂದ ಬಾಲದ ಬುಡದ ಪಕ್ಕದ ಎಲುಬಿನವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕ ಸಿಕ್ಕುತ್ತದೆ. ಸುತ್ತಳತೆ 70, ಉದ್ದ 60 ಇದ್ದರೆ, 70ನ್ನು 70ರಿಂದ ಗುಣಿಸಿ 4,900. ಅದನ್ನು 60ರಿಂದ ಗುಣಿಸಿ 2,94,000. 660ರಿಂದ ಭಾಗಿಸಿ ಸುಮಾರು 445 ಕಿಲೋ. ಶಾಲೆಗೆ ಹೋಗುವ ಮಗನಿಗೆ ಹೇಳಿದರೆ ಎರಡು ನಿಮಿಷದ ಲೆಕ್ಕ. ಚೀಟಿಯಲ್ಲಿ ಬರೆದು ಒಯ್ಯಿರಿ.

ಇನ್ನು ಆಪರೇಶನ್ ಮುಗಿದ ಮೇಲೆ. ಎಮ್ಮೆ ಕಣ್ಣು ಬಿಟ್ಟಿತು, ಕಿವಿ ಆಡಿಸಿತು, ಬಾಯಲ್ಲಿ ಕೊಳವೆ ಮಾತ್ರ ಹಾಗೇ ಇದೆ. ಮನೆಯವರಿಗೆ ಸಂಕಟ, "ತೆಗೀರಿ ಸಾರ್, ಅಗಿಯಾಕ ಹತ್ತೈತಿ" ಎನ್ನುತ್ತಾರೆ. ಡಾಕ್ಟರು ಕಾಯುತ್ತಾರೆ. ಅಗಿಯುವುದು, ನುಂಗುವುದು, ಕೆಮ್ಮುವುದು ಮರಳಿದ ಮೇಲೆಯೇ ಕೊಳವೆ ತೆಗೆಯಬೇಕು. ಅದೂ ದನಗಳಲ್ಲಿ ಗಾಳಿಚೀಲವನ್ನು ಪೂರ್ತಿ ಇಳಿಸದೆ ಮೆಲ್ಲಗೆ ಎಳೆಯುತ್ತಾರೆ, ಗಂಟಲಲ್ಲಿ ನಿಂತ ರಸ ಕೊಳವೆಯ ಜೊತೆ ಮೇಲಕ್ಕೆ ಬರಲಿ ಎಂದು. ಆ ಐದು ಹತ್ತು ನಿಮಿಷ ನೀವು ಅವಸರ ಮಾಡಬೇಡಿ.

ಕೊಳವೆ ತೆಗೆದ ಮೇಲೆ ರಾಸನ್ನು ಮಗ್ಗುಲಿಗೆ ಬಿಡದೆ ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕಕ್ಕೆ ಹುಲ್ಲು ತುಂಬಿದ ಚೀಲ ಒತ್ತುಕೊಡಿ. ಹೀಗೆ ಕೂತರೆ ಹೊಟ್ಟೆಯ ಗಾಳಿ ತೇಗಿನಲ್ಲಿ ಹೋಗುತ್ತದೆ. ತಾನಾಗಿ ಏಳುವವರೆಗೆ ಎಬ್ಬಿಸಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಆ ದಿನ ಗೊಟ್ಟ ಮುಟ್ಟಬೇಡಿ. ನಿತ್ರಾಣವಾಗಿದೆ ಎಂದು ಮಜ್ಜಿಗೆ, ಬೆಲ್ಲದ ನೀರು, ಕಷಾಯ ಸುರಿಯಲು ಹೋದರೆ ಮೂರು ತಾಸು ಕೊಳವೆ ಕಾಯ್ದ ಬಾಗಿಲಿನಿಂದಲೇ ಅದು ಒಳಗೆ ಹೋಗುತ್ತದೆ. ಡಾಕ್ಟರು ಹೇಳಿದ ಹೊತ್ತಿಗೆ ಮೊದಲು ಸ್ವಲ್ಪ ನೀರನ್ನು ಬಕೆಟ್ಟಿನಲ್ಲಿ ಮುಂದಿಡಿ. ತಾನಾಗಿ ಕುಡಿದು, ಕೆಮ್ಮದೆ ನುಂಗಿದರೆ ಆಮೇಲೆ ಒಂದು ಹಿಡಿ ಹಸಿಮೇವು.

ಮುಂದಿನ ಮೂರು ನಾಲ್ಕು ದಿನ ಹೊಲಿಗೆಯ ಜೊತೆಗೆ ಮೂಗನ್ನೂ ನೋಡುತ್ತಿರಿ. ಮೈ ಸುಡುವುದು, ಮೇಲಿಂದ ಮೇಲೆ ಉಸಿರು, ಒದ್ದೆ ಕೆಮ್ಮು, ಮೂಗಿನಲ್ಲಿ ಹಸಿರು ಇಲ್ಲವೆ ಕಂದು ಸಿಂಬಳ, ಉಸಿರಿನಲ್ಲಿ ಕೊಳೆತ ವಾಸನೆ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಪರೇಶನ್ ಮಾಡಿದ ಡಾಕ್ಟರಿಗೆ ತಿಳಿಸಿ. ಅವರು ಸಿಗದಿದ್ದರೆ ಪಶು ಸಂಜೀವಿನಿ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಅದಕ್ಕೆ ಹಣ ಬೀಳುವುದಿಲ್ಲ. ಆಪರೇಶನ್ ಯಾವ ದಿನ ಆಯಿತು, ಮಲಗಿಸಿ ಮಾಡಿದ್ದೋ ನಿಲ್ಲಿಸಿಯೋ, ಕೊಳವೆ ಹಾಕಿದ್ದರೋ ಇಲ್ಲವೋ ಎಂಬುದನ್ನು ಅವರಿಗೆ ಮೊದಲೇ ಹೇಳಿ.